ಕನ್ನಡಕ ಹಾಕಿದವರಿಗೆ ಪರದೆ ಎಷ್ಟು ದೂರ ಇರಬೇಕು?

ಚಾಳೀಸು ಬಂದ ಮೇಲೆ ಕಂಪ್ಯೂಟರ್ ಮುಂದೆ ಗಲ್ಲ ಮೇಲೆತ್ತಿ ಕೂರುವವರು ಎಲ್ಲ ಆಫೀಸಿನಲ್ಲೂ ಇದ್ದಾರೆ. ಬೈಫೋಕಲ್‌ನ, ಅಂದರೆ ಮೇಲೆ ದೂರಕ್ಕೆ, ಕೆಳಗೆ ಓದಲು ಎಂದು ಎರಡು ಭಾಗವಿರುವ ಕನ್ನಡಕದ, ಕೆಳಭಾಗದಿಂದ ಅಕ್ಷರ ಹುಡುಕುತ್ತಾರೆ. ಸಂಜೆಗೆ ಕತ್ತು ಹಿಡಿದಿರುತ್ತದೆ. ಕಾರಣ ಸರಳ. ಆ ಕೆಳಭಾಗ ಇರುವುದು ಸುಮಾರು 40 ಸೆಂ.ಮೀ. ದೂರದಲ್ಲಿ ಹಿಡಿದ ಪುಸ್ತಕಕ್ಕೆ. ಪರದೆ ಅದಕ್ಕಿಂತ ದೂರದಲ್ಲಿರುತ್ತದೆ. ಕನ್ನಡಕಕ್ಕೆ ತಕ್ಕಂತೆ ಮೈ ಬಗ್ಗಿಸುವುದು ಬೇಡ. ಮೊದಲು ದೂರ ಅಳೆಯೋಣ.

ಬೆನ್ನನ್ನು ಕುರ್ಚಿಗೆ ಪೂರ್ತಿ ಒರಗಿಸಿ ಕೂರಿ. ಕೈ ಚಾಚಿದರೆ ಬೆರಳ ತುದಿ ಪರದೆಗೆ ತಾಗುವಂತಿರಲಿ. ಈಗ ಕಣ್ಣಿನಿಂದ ಪರದೆವರೆಗೆ ಹೊಲಿಗೆ ಟೇಪಿನಲ್ಲಿ ಅಳೆಯಿರಿ. ಸಾಮಾನ್ಯವಾಗಿ 50ರಿಂದ 70 ಸೆಂ.ಮೀ. ಬರುತ್ತದೆ. ಬರೆದಿಟ್ಟುಕೊಳ್ಳಿ.

ನಂತರ ಕಣ್ಣು ಪರೀಕ್ಷೆಯ ಚೀಟಿ ತೆಗೆಯಿರಿ. ಅದರಲ್ಲಿ ‘ಆ್ಯಡ್’ ಎಂಬ ಕಡೆ ಒಂದು ನಂಬರ್ ಇರುತ್ತದೆ. ಓದಲು ಸೇರಿಸಿದ ಹೆಚ್ಚುವರಿ ಪವರ್ ಅದು. 100ನ್ನು ಅದರಿಂದ ಭಾಗಿಸಿ. 1.50 ಇದ್ದರೆ ಸುಮಾರು 67, 2 ಇದ್ದರೆ 50, 2.50 ಇದ್ದರೆ 40 ಸೆಂ.ಮೀ. ಓದುವ ಭಾಗದಿಂದ ಹೆಚ್ಚುಕಡಿಮೆ ಅಷ್ಟು ದೂರದವರೆಗೆ ಸ್ಪಷ್ಟ ಕಾಣುತ್ತದೆ, ಅದರಾಚೆ ಮಸುಕು. ನಂಬಿಕೆ ಬಾರದಿದ್ದರೆ ದಿನಪತ್ರಿಕೆ ಹಿಡಿದು ನಿಧಾನವಾಗಿ ದೂರ ಸರಿಸಿ ನೋಡಿ. ವಯಸ್ಸಾದಂತೆ ಈ ನಂಬರ್ ಏರುತ್ತದೆ, ದೂರ ಕುಗ್ಗುತ್ತದೆ. ಅದಕ್ಕೇ ನಿನ್ನೆಮೊನ್ನೆವರೆಗೆ ಸರಿಯಿದ್ದ ಮೇಜು ಈಗ ತೊಂದರೆ ಕೊಡುತ್ತದೆ, ಅಲ್ವಾ?

ಬರೀ ಮೈನಸ್ ನಂಬರ್‌ನವರ ಲೆಕ್ಕ ಬೇರೆ. ಮೈನಸ್ 2 ಇರುವವರಿಗೆ ಕನ್ನಡಕ ತೆಗೆದರೂ 50 ಸೆಂ.ಮೀ.ವರೆಗೆ ಚೆನ್ನಾಗಿಯೇ ಕಾಣುತ್ತದೆ.

ಟೇಪಿನಲ್ಲಿ ಅಳೆದ ದೂರಕ್ಕೂ ಆ್ಯಡ್‌ನಿಂದ ಬಂದ ದೂರಕ್ಕೂ ವ್ಯತ್ಯಾಸ ಕಡಿಮೆಯಿದ್ದರೆ ಪರದೆಯನ್ನೇ ಸ್ವಲ್ಪ ಹತ್ತಿರ ಎಳೆಯಿರಿ. ಆದರೆ ಅಕ್ಷರ ಸಣ್ಣದೆನಿಸುತ್ತದೆ ಎಂಬ ಕಾರಣಕ್ಕೆ ಎಳೆಯಬೇಡಿ, ಅಕ್ಷರದ ಗಾತ್ರ ಹೆಚ್ಚಿಸಿ. ಎತ್ತರವನ್ನೂ ನೋಡಿಕೊಳ್ಳಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು. ಬೈಫೋಕಲ್ ಅಥವಾ ಪ್ರೊಗ್ರೆಸಿವ್ (ಗೆರೆಯಿಲ್ಲದೆ ಮೇಲಿಂದ ಕೆಳಗೆ ಪವರ್ ನಿಧಾನವಾಗಿ ಬದಲಾಗುವ ಕನ್ನಡಕ) ಹಾಕುವವರು ಇನ್ನೂ ತಗ್ಗಿಸಬೇಕು. ಮಾನಿಟರ್ ಕೆಳಗೆ ದಪ್ಪ ಪುಸ್ತಕ ಇಟ್ಟಿದ್ದರೆ ಇವತ್ತೇ ತೆಗೆಯಿರಿ, ಕತ್ತಿಗೆ ಎಷ್ಟೋ ಹಗುರವಾಗುತ್ತದೆ.

ವ್ಯತ್ಯಾಸ ಜಾಸ್ತಿ ಇದ್ದು, ದಿನವಿಡೀ ಪರದೆ ಮುಂದೆಯೇ ಕೆಲಸವಿದ್ದರೆ ಅದಕ್ಕೇ ಒಂದು ಪ್ರತ್ಯೇಕ ಕನ್ನಡಕ ಮಾಡಿಸುವುದು ಒಳ್ಳೆಯದು. ನನ್ನ ಪ್ರಕಾರ ಇದು ದಂಡದ ಖರ್ಚಲ್ಲ. ಪರೀಕ್ಷೆಗೆ ಹೋದಾಗ ಸುಮ್ನೆ ‘ಕಂಪ್ಯೂಟರ್ ಕೆಲಸ’ ಎಂದರೆ ಸಾಲದು. ಬರೆದಿಟ್ಟ ಸೆಂ.ಮೀ. ಅಳತೆ ಹೇಳಿ, ಅಷ್ಟೇ ದೂರಕ್ಕೆ ಪರೀಕ್ಷಿಸಲು ಕೇಳಿ. ಆದರೆ ಆ ಕನ್ನಡಕದಲ್ಲಿ ದೂರದ್ದು ಮಸುಕಾಗಿ ಕಾಣುತ್ತದೆ. ಗಾಡಿ ಓಡಿಸುವಾಗ ಹಾಕಬೇಡಿ.

ಇಷ್ಟೆಲ್ಲ ಮಾಡಿದರೂ ತಲೆನೋವು ಹೋಗದಿದ್ದರೆ, ಅಥವಾ ಒಂದೇ ಕಣ್ಣು ಇದ್ದಕ್ಕಿದ್ದಂತೆ ಮಂಜಾದರೆ, ದೂರ ಹೊಂದಿಸುತ್ತಾ ಕೂರದೆ ಕಣ್ಣಿನ ಡಾಕ್ಟರ ಬಳಿ ಹೋಗಿ.