ಕನ್ನಡ ಅಕ್ಷರಗಳಲ್ಲಿ ಬರೆದು ಕಲಿತ ನಾರ್ವೇಜಿಯನ್: ನನ್ನ ಅನುಭವ

ನಾರ್ವೇಜಿಯನ್ ಮಾತನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡು ಕಲಿಯುತ್ತೇನೆ ಎಂದಾಗ ನಕ್ಕವರಲ್ಲಿ ನಮ್ಮ ಯಜಮಾನರೇ ಮೊದಲಿಗರು. ಓಸ್ಲೋದಲ್ಲಿ ಬಹಳ ವರ್ಷಗಳಿಂದ ನೆಲೆಸಿರುವ ಪರಿಚಿತರೊಬ್ಬರು, "ಲಿಪಿ ಬೇರೆಯಾದರೆ ಉಚ್ಚಾರ ಕೆಡುತ್ತದೆ, ಮುಂದೆ ಓದುವುದೂ ಬರುವುದಿಲ್ಲ, ಸುಮ್ಮನೆ ಕೋರ್ಸಿಗೆ ಸೇರಮ್ಮ" ಎಂದು ಫೋನಿನಲ್ಲಿಯೇ ಬುದ್ಧಿ ಹೇಳಿದ್ದರು. ಕಳೆದ ಚಳಿಗಾಲದ ನಾರ್ವೇಜಿಯನ್ ಪರೀಕ್ಷೆಯಲ್ಲಿ ನನಗೆ ಮಾತಿನ ವಿಭಾಗದಲ್ಲಿ ಬಿ1, ಅಂದರೆ ನಡುಮಟ್ಟ, ಬಂದಿತು; ನಲ್ಲಿ ರಿಪೇರಿಯವನೊಬ್ಬ ನಾನು ಹೆಸರು ಹೇಳುವವರೆಗೂ ಫೋನಿನಲ್ಲಿ ನನ್ನನ್ನು ಊರಿನವಳೆಂದೇ ತಿಳಿದಿದ್ದ. ಬರವಣಿಗೆಯಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎ2 ಮಾತ್ರ ಬಂದದ್ದನ್ನೂ ಮುಚ್ಚಿಡುವುದಿಲ್ಲ. ಇದನ್ನು ಓದುವವರ ಫೋನಿನಲ್ಲಿ ಡ್ಯುಯೊಲಿಂಗೊ ಮತ್ತು ಆ್ಯಂಕಿ ಎಂಬ ಭಾಷೆ ಕಲಿಯಲು ಬಳಸುವ ಆ್ಯಪ್‌ಗಳು ಇದ್ದೇ ಇರುತ್ತವೆ, ನಾರ್ವೇಜಿಯನ್ ನಾಮಪದಗಳ ಮೂರು ಲಿಂಗಗಳ ಗೋಳೂ ಗೊತ್ತಿರುತ್ತದೆ ಎಂದುಕೊಂಡು ಅವುಗಳ ಗೋಜಿಗೆ ಹೋಗದೆ ಬರೆಯುತ್ತೇನೆ.

ನಾವು ನಾರ್ವೆಯ ನಗರ ಟ್ರೊಂಡ್‌ಹೈಮ್‌ಗೆ ಬಂದದ್ದು 2022ರ ಆಗಸ್ಟ್‌ನಲ್ಲಿ. ಯಜಮಾನರ ಕೆಲಸ ವಿಶ್ವವಿದ್ಯಾಲಯದಲ್ಲಿ; ಅಲ್ಲಿ ಇಂಗ್ಲಿಷಿನಲ್ಲಿಯೇ ದಿನ ಕಳೆಯುತ್ತದೆ. ತುಮಕೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದ ನನ್ನ ಪಾಲಿಗೆ ಉಳಿದದ್ದು ಅಂಗಡಿ, ಬಸ್ಸು, ಮಗನ ಶಿಶುವಿಹಾರ ಮತ್ತು ಮೆಟ್ಟಿಲ ಮೇಲೆ ಎದುರಾಗುವ ನೆರೆಹೊರೆಯವರು. ಉದ್ಯೋಗದ ವೀಸಾದಲ್ಲಿ ಬಂದ ನಮ್ಮಂಥ ಕುಟುಂಬಗಳಿಗೆ ಭಾಷಾ ಪಾಠ ಉಚಿತವಲ್ಲವಾದ್ದರಿಂದ ಮೊದಲ ವರ್ಷ ಹಣ ನೀರಿನಂತೆ ಹರಿಯಿತು. ಸಂಜೆ ತರಗತಿಗೆ ಆರು ಸಾವಿರ ಕ್ರೋನರ್ ಹತ್ತಿರ, ಅದರ ಪುಸ್ತಕಕ್ಕೆ ಏಳುನೂರರಷ್ಟು, ಆಮೇಲೆ ಆನ್‌ಲೈನ್ ಶಿಕ್ಷಕಿಯ ಹತ್ತು ತಾಸಿಗೆ ಮೂರೂವರೆ ಸಾವಿರ. ಒಂದು ಕ್ರೋನರ್‌ಗೆ ಎಂಟು ರೂಪಾಯಿಯಂತೆ ಹಿಡಿದರೆ ಎಂಬತ್ತು ಸಾವಿರ ರೂಪಾಯಿ ದಾಟುತ್ತದೆ. ಅಷ್ಟು ಸುರಿದ ಮೇಲೂ ಅಂಗಡಿಯ ಹುಡುಗ ಗಲ್ಲಾದ ಹಿಂದಿನಿಂದ ಒಂದು ಪ್ರಶ್ನೆ ಎಸೆದರೆ ನಾನು ಕಾರ್ಡನ್ನು ಮುಂದೆ ಚಾಚಿ ನಗುತ್ತಾ ನಿಂತುಬಿಡುತ್ತಿದ್ದೆ.

ದೋಷ ತರಗತಿಯದಲ್ಲ. ನಾನು ಕಲಿತದ್ದೆಲ್ಲ ನಾನು ಹೇಳಬೇಕಾದ ಮಾತು. ಎದುರಿನವರು ನನಗೆ ಏನು ಹೇಳುತ್ತಾರೆ ಎಂಬುದನ್ನು ಕಲಿತೇ ಇರಲಿಲ್ಲ. ಜೊತೆಗೆ, ಪುಸ್ತಕದಲ್ಲಿರುವ, ನಾರ್ವೇಜಿಯನ್ನಿನ ಒಂದು ಬರಹರೂಪವಾದ ಬೂಕ್‌ಮೋಲ್ ಓಸ್ಲೋದ ಕಡೆಯ ಮಾತಿಗೆ ಹತ್ತಿರವಾದದ್ದು. ಪುಸ್ತಕ "ಯೈ" (ನಾನು) ಎನ್ನುವಲ್ಲಿ ಇಲ್ಲಿಯವರು "ಆ್ಯ" ಎನ್ನುತ್ತಾರೆ, "ವಾ" (ಏನು) ಎಂಬುದು "ಕಾ" ಆಗುತ್ತದೆ, "ವೂರ್" (ಎಲ್ಲಿ) ಎಂಬುದು "ಕೂರ್" ಆಗುತ್ತದೆ, "ಇಕ್ಕೆ" (ಇಲ್ಲ) ಎಂಬುದು ಹಳಬರ ಬಾಯಲ್ಲಿ "ಇಚ್" ಎಂದು ಚಿಟಿಕೆ ಹೊಡೆದಂತೆ ಕೇಳಿಸುತ್ತದೆ. ನಾರ್ವೆಯಲ್ಲಿ ಆಡುಮಾತಿಗೆ ಅಧಿಕೃತ ಮಾದರಿಯೇ ಇಲ್ಲ. ಮಂತ್ರಿಯಿಂದ ಹಿಡಿದು ಬಸ್ ಚಾಲಕನವರೆಗೆ ಎಲ್ಲರೂ ತಮ್ಮ ಊರಿನ ಮಾತನ್ನೇ ಆಡುತ್ತಾರೆ. ಮಂಗಳೂರಿನ ಕನ್ನಡವನ್ನೂ ಧಾರವಾಡದ ಕನ್ನಡವನ್ನೂ ಕೇಳಿ ಬೆಳೆದ ನಮಗೆ ಇದು ವಿಚಿತ್ರವಲ್ಲ, ಆದರೆ ಆ್ಯಪಿಗೆ ಈ ಸಂಗತಿ ಗೊತ್ತಿಲ್ಲ.

ಕನ್ನಡ ಲಿಪಿಯ ಯೋಚನೆ ಹುಟ್ಟಿದ್ದು ಒಂದು ಬೆಕ್ಕಿನಿಂದ. ಮೇಲಿನ ಮನೆಯ ಅಜ್ಜಿ ಕಾಣೆಯಾದ ತಮ್ಮ ಬೆಕ್ಕನ್ನು ಕಂಡಿರಾ ಎಂದು ಕೇಳಿದರು. ನಾನು ಕಂಡಿದ್ದೆ, ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ, ಯಾವ ನಕ್ಷೆಯನ್ನು ಕಂಡೆ ಎಂದು ಕೇಳಿದರು. ಬೆಕ್ಕು "ಕತ್", ನಕ್ಷೆ "ಕಟ್"; ರೋಮನ್ ಅಕ್ಷರದಲ್ಲಿ ಬರೆಯುವಾಗ ಎರಡನೆಯದರಲ್ಲಿ ನಡುವೆ ಒಂದು ರಕಾರವಿದ್ದರೂ ಇಲ್ಲಿಯ ಬಾಯಲ್ಲಿ ರಕಾರ ಮತ್ತು ತಕಾರ ಬೆರೆತು ನಮ್ಮ ಟಕಾರವೇ ಆಗಿಬಿಡುತ್ತದೆ. ಇಂಗ್ಲಿಷಿನ ಅಭ್ಯಾಸದಿಂದ ನಾನು ಪ್ರತಿಯೊಂದು ತಕಾರವನ್ನೂ ಟಕಾರ ಮಾಡಿ ಬೆಕ್ಕನ್ನು ನಕ್ಷೆಯಾಗಿಸಿದ್ದೆ. ಕತ್ತೆಗೂ ಕಟ್ಟೆಗೂ ವ್ಯತ್ಯಾಸ ತಿಳಿದವಳು ಇದರಲ್ಲಿ ಎಡವಿದೆನಲ್ಲ ಎಂದು ಆ ರಾತ್ರಿ ನಾಚಿಕೆಯಾಯಿತು. ಮಗು ಎಂಬ ಪದ ಇಲ್ಲಿ ಅಪ್ಪಟ "ಬಾಣ್". "ತಕ್ಕ್" ಎಂದರೆ ಧನ್ಯವಾದ, "ತಾಕ್" ಎಂದರೆ ಚಾವಣಿ. ಹಲ್ಲು ಮತ್ತು ಹಾಲು, ಕಲ್ಲು ಮತ್ತು ಕಾಲು ಬಲ್ಲವರಿಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ. ಮೂರು ಪದಗಳಾಗಿ ಬರೆಯುವ "ತೆಗೆದುಕೊಳ್ಳಿ" ಎಂಬ ಉಪಚಾರದ ಮಾತು ಕಿವಿಗೆ ಬೀಳುವುದು "ವ್ಯಾಷೆಗೂ" ಎಂದು, ಅದೂ ಖಚಿತವಾದ ಷಕಾರದಲ್ಲಿ. ಒಂದನೆಯ ತರಗತಿಯಲ್ಲಿ ಬಾಯಿಪಾಠ ಮಾಡಿ ಆಮೇಲೆ ಎಲ್ಲಿಯೂ ಒಂಟಿಯಾಗಿ ಬಳಸದ ಞ ಅಕ್ಷರಕ್ಕೂ ಇಲ್ಲಿ ಉದ್ಯೋಗ ಸಿಕ್ಕಿತು. ಹಳೆಯ ತಲೆಮಾರಿನವರು ಗಂಡಸಿಗೆ "ಮಞ್ಞ್" ಎಂದೇ ಹೇಳುತ್ತಾರೆ.

ಕ್ರಮ ಹೀಗಿತ್ತು. ನಲವತ್ತು ಕ್ರೋನರಿನ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಮಾತು ನಡೆಯುವ ಒಂದು ಜಾಗಕ್ಕೆ (ಅಂಗಡಿ, ಶಿಶುವಿಹಾರ ಹೀಗೆ) ಎರಡು ಪುಟ ಮೀಸಲು. ಎಡಪುಟದಲ್ಲಿ ಆ ಜಾಗದಲ್ಲಿ ಅವರು ನನಗೆ ಹೇಳುವ ಮಾತು, ಕಿವಿಗೆ ಬಿದ್ದಂತೆಯೇ ಕನ್ನಡದಲ್ಲಿ. ಬಲಪುಟದಲ್ಲಿ ನನ್ನ ಉತ್ತರ. ಒಂದು ಜಾಗಕ್ಕೆ ಹನ್ನೆರಡು ವಾಕ್ಯ, ಹೆಚ್ಚಿಗೆ ಬೇಡ. ಎಡಪುಟ ತುಂಬುವವರೆಗೆ ಬಲಪುಟವನ್ನು ಮುಟ್ಟುವಂತಿಲ್ಲ, ಕಿವಿಯಿಂದ ಬಂದ ಮಾತಿಗೆ ಆರು ತಿಂಗಳವರೆಗೆ ರೋಮನ್ ಕಾಗುಣಿತ ಹಚ್ಚುವಂತಿಲ್ಲ. ಅನಂತರ ಕೆಂಪು ಶಾಯಿಯಲ್ಲಿ ಕಾಗುಣಿತ ಬರೆದುಕೊಂಡಾಗ, ಯಾವ ಅಕ್ಷರ ಉಚ್ಚಾರದಲ್ಲಿ ಸತ್ತಿದೆ ಎಂಬುದು ತಾನಾಗಿಯೇ ಕಾಣಿಸಿತು. ಒಂಬತ್ತು ಹತ್ತು ತಿಂಗಳಲ್ಲಿ ಇಪ್ಪತ್ತೆರಡು ಜಾಗಗಳಾದವು. ವಾಕ್ಯಗಳು ಇನ್ನೂರ ಅರವತ್ತರ ಆಸುಪಾಸು, ಬಿಡಿ ಪದಗಳನ್ನು ಎಣಿಸಿದರೆ ಸಾವಿರವೋ ಸಾವಿರದ ನೂರೋ ಇರಬೇಕು.

ಮೊದಲ ಜಾಗ ದಿನಸಿ ಅಂಗಡಿಯ ಗಲ್ಲಾ. "ಸ್ಕಾ ದು ಹಾ ಪೂಸೆ" ಎಂದರೆ ಚೀಲ ಬೇಕೆ. "ಕ್ವಿತ್ತೇರಿಂಗ್" ಎಂದು ಪ್ರಶ್ನೆಯ ದನಿಯಲ್ಲಿ ಹೇಳಿದರೆ ರಸೀದಿ ಬೇಕೆ. "ವಾ ದೆ ಬ್ರಾ ಸೊನ್" ಎಂಬುದಕ್ಕೆ ಪದಶಃ "ಹೀಗೆ ಚೆನ್ನಾಗಿತ್ತೆ" ಎಂದರ್ಥವಾದ್ದರಿಂದ, ಇವರು ಅಂಗಡಿಯ ಬಗ್ಗೆ ಅಭಿಪ್ರಾಯ ಕೇಳುತ್ತಿದ್ದಾರೆ ಎಂದುಕೊಂಡು ಎರಡು ತಿಂಗಳು ಮನಃಪೂರ್ವಕವಾಗಿ ಹೊಗಳುತ್ತಾ ಬಂದೆ. ಅದು ಕೇವಲ "ಇಷ್ಟೇ ಸಾಕೆ" ಎಂಬ ಮಾತು. ಬಾಟಲಿ ಹಿಂದಿರುಗಿಸುವ ಯಂತ್ರದ ಮುಂದೆ ನಷ್ಟವೇ ಆಯಿತು. ಸಣ್ಣ ಬಾಟಲಿಗೆ 2 ಕ್ರೋನರ್, ದೊಡ್ಡದಕ್ಕೆ 3 ಕ್ರೋನರ್ ಮುಂಗಡ ವಾಪಸು ಬರುತ್ತದೆ. ಎರಡು ತಿಂಗಳಿನಿಂದ ಕೂಡಿಟ್ಟದ್ದನ್ನೆಲ್ಲ ಹಾಕಿ ಕೊನೆಯಲ್ಲಿ ರಸೀದಿಯ ಗುಂಡಿಯ ಬದಲು ರೆಡ್‌ಕ್ರಾಸ್ ಲಾಟರಿಯ ಗುಂಡಿಯನ್ನು ಒತ್ತಿಬಿಟ್ಟೆ. ಎಪ್ಪತ್ತು ಚಿಲ್ಲರೆ ಕ್ರೋನರ್ ಧರ್ಮಕ್ಕೆ ಹೋಯಿತು. ಬಹುಮಾನವೂ ಬರಲಿಲ್ಲ.

"ಪ್ಲೀಸ್" ಎಂಬುದಕ್ಕೆ ಸಮನಾದ ಪದವನ್ನು ಹುಡುಕುವುದರಲ್ಲಿ ಒಂದು ತಿಂಗಳು ಹಾಳಾಯಿತು. "ವ್ಯಾಷೊ ಸ್ನಿಲ್" ಎಂದು ನಿಘಂಟಿನಲ್ಲಿದೆ; ಅದನ್ನು ಪ್ರತಿ ವಾಕ್ಯಕ್ಕೂ ಅಂಟಿಸಿದರೆ ಚಾಕೊಲೇಟಿಗಾಗಿ ಗೋಗರೆಯುವ ಮಗುವಿನಂತೆ ಕೇಳುತ್ತದೆ ಎಂದು ಶಿಕ್ಷಕಿ ನಕ್ಕರು. ನಾವು ಅಂಗಡಿಯಲ್ಲಿ "ದಯವಿಟ್ಟು ಅರ್ಧ ಕೆಜಿ ಸಕ್ಕರೆ ಕೊಡಿ" ಎನ್ನುತ್ತೇವೆಯೆ? "ಕೊಡಿ" ಎಂಬುದರ ಕೊನೆಯ ಸ್ವರವೇ ಮರ್ಯಾದೆಯನ್ನು ಹೊರುತ್ತದೆ. ಇಲ್ಲಿ ಆ ಹೊರೆಯನ್ನು ಹೊರುವುದು ಪ್ರಶ್ನೆಯ ರೂಪ: "ಕನ್ ಆ್ಯ ಫೋ", ಅಂದರೆ "ನನಗೆ ಸಿಗಬಹುದೆ". ಇದೊಂದನ್ನು ಹಿಡಿದುಕೊಂಡರೆ ಬೇಕರಿ, ಔಷಧಿ ಅಂಗಡಿ, ಗ್ರಂಥಾಲಯ ಮೂರರಲ್ಲೂ ಕೆಲಸ ನಡೆಯುತ್ತದೆ. ವೈದ್ಯರಿಗೂ ಅಜ್ಜಿಗೂ ಏಕವಚನದ "ದು" ಹಚ್ಚುವುದಕ್ಕೆ ಮಾತ್ರ ನನಗೆ ನಾಲಿಗೆ ಏಳದೆ ಮೂರು ತಿಂಗಳು ಬೇಕಾಯಿತು.

ಹೊತ್ತು ಹೇಳುವ ಕ್ರಮದಿಂದ ಆದ ನಷ್ಟ ಐನೂರು ಕ್ರೋನರ್ ಮೇಲೆ. ಹಲ್ಲಿನ ವೈದ್ಯರಲ್ಲಿ "ಹಲ್ ತ್ರೆ"ಗೆ ಬನ್ನಿ ಎಂದರು. ಅರ್ಧ ಮತ್ತು ಮೂರು ಸೇರಿದರೆ ಮೂರೂವರೆ ಎಂದು ಲೆಕ್ಕಪತ್ರದವಳಾದ ನಾನೇ ಕೂಡಿಬಿಟ್ಟೆ. ಅದು ಮೂರಕ್ಕೆ ಅರ್ಧ ಕಮ್ಮಿ, ಎರಡೂವರೆ. ಬಾರದ ರೋಗಿಗೆ ಹಾಕುವ ಶುಲ್ಕ ಕಟ್ಟಿ ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ "ಅರ್ಧ ಕಮ್ಮಿ" ಎಂದು ದೊಡ್ಡದಾಗಿ ಬರೆದು ಚೌಕ ಹಾಕಿದೆ. ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಇವರು "ಅರ್ಧ ಕಮ್ಮಿ ಮೂರಕ್ಕೆ ಹತ್ತು ಬಾಕಿ" ಎನ್ನುವುದನ್ನು ಕೇಳಿದ ಮೇಲೆ ಆ ಚೌಕಕ್ಕೆ ಇನ್ನೊಂದು ಚೌಕ ಹಾಕಿದೆ. ಅಂಕಿಗಳಲ್ಲಿಯೂ ಇಂಥದೇ ಬಲೆಯಿದೆ. 1951ರಲ್ಲಿ ಎಣಿಕೆಯನ್ನು ತಿದ್ದಿ ನಮ್ಮ "ಐವತ್ತೆರಡು" ಎಂಬಂತೆ ಹತ್ತರ ಸ್ಥಾನವನ್ನು ಮುಂದೆ ತಂದರು. ಹಳಬರು ಈಗಲೂ "ಎರಡು ಮತ್ತು ಐವತ್ತು" ಎನ್ನುತ್ತಾರೆ. ಅಜ್ಜಿ ತಮ್ಮ ಎಂಟಂಕಿಯ ದೂರವಾಣಿ ಸಂಖ್ಯೆಯನ್ನು ಜೋಡಿ ಜೋಡಿಯಾಗಿ ಹೇಳಿದಾಗ ನಾನು ಪ್ರತಿ ಜೋಡಿಯನ್ನೂ ತಿರುಗುಮುರುಗಾಗಿ ಬರೆದುಕೊಂಡು ಯಾರೋ ಅಪರಿಚಿತರಿಗೆ ಕರೆ ಮಾಡಿ ಬೆಕ್ಕು ಸಿಕ್ಕಿತೆಂಬ ಶುಭವಾರ್ತೆಯನ್ನು ಕೊಟ್ಟೆ.

ಅತ್ಯಂತ ಫಲವತ್ತಾದ ಜಾಗವೆಂದರೆ ಶಿಶುವಿಹಾರದ ಕೋಟು ನೇತುಹಾಕುವ ಓಣಿ. ಸಂಜೆ ನಾಲ್ಕರ ಹೊತ್ತಿಗೆ ಅಲ್ಲಿ ನಿಂತರೆ ಸಿಬ್ಬಂದಿ ಪ್ರತಿಯೊಬ್ಬ ತಾಯಿಗೂ ತಂದೆಗೂ ಒಂದೇ ವರದಿಯನ್ನು ಒಂದೇ ಮಾತಿನಲ್ಲಿ ಒಪ್ಪಿಸುತ್ತಾರೆ: ಎಷ್ಟು ಹೊತ್ತು ಮಲಗಿದ, ಎಷ್ಟು ಬ್ರೆಡ್ ತಿಂದ, ಯಾವ ಬಟ್ಟೆ ಒದ್ದೆಯಾಯಿತು. ನನಗಿಂತ ಮುಂದಿರುವ ಇಬ್ಬರಿಗೆ ಹೇಳುವುದನ್ನು ಕೇಳಿಸಿಕೊಂಡರೆ ನನ್ನ ಸರದಿಗೆ ಪಾಠ ತಯಾರು. "ವೊತ್ತರ್" ಕೈಗವಸು, "ಲೂಯೆ" ಟೋಪಿ, "ಉಲ್" ಉಣ್ಣೆ, "ಸ್ಕಿಫ್ತ್" ಬದಲಿ ಬಟ್ಟೆ. ಈ ನಾಲ್ಕು ಪದಗಳಿಲ್ಲದೆ ಇಲ್ಲಿ ಮಗುವನ್ನು ಒಂದು ಚಳಿಗಾಲ ಸಾಕಲಾಗದು. ಇಲ್ಲಿಯೂ ಏಟು ತಿಂದಿದ್ದೇನೆ. ಬಾಗಿಲ ಮೇಲಿನ ಚೀಟಿಯಲ್ಲಿದ್ದ "ಪ್ಲಾನ್‌ಲೆಗ್ಗಿಂಗ್ಸ್‌ದಾಗ್" ಎಂಬ ಉದ್ದದ ಪದವನ್ನು ಯಾವುದೋ ಆಟದ ದಿನವಿರಬೇಕೆಂದು ಬಿಟ್ಟೆ; ಮರುದಿನ ಬೆಳಗ್ಗೆ ಬಣ್ಣದ ಟೋಪಿ ಹಾಕಿಸಿ ಕರೆದುಕೊಂಡು ಹೋದರೆ ಬಾಗಿಲಿಗೆ ಬೀಗ. ಸಿಬ್ಬಂದಿ ಯೋಜನೆ ಹಾಕಿಕೊಳ್ಳಲು ವರ್ಷಕ್ಕೆ ಐದು ದಿನ ಶಿಶುವಿಹಾರ ಮುಚ್ಚಿರುತ್ತದೆ ಎಂಬುದು ಆಗ ತಿಳಿಯಿತು.

ಕನ್ನಡ ಲಿಪಿ ಸೋಲುವ ಜಾಗಗಳೂ ಇವೆ. ತುಟಿಯನ್ನು ಊಕಾರಕ್ಕೆ ಸುತ್ತಿ ನಾಲಿಗೆಯಲ್ಲಿ ಈಕಾರ ನುಡಿಯುವ ಒಂದು ಸ್ವರಕ್ಕೆ ನಮ್ಮಲ್ಲಿ ಗುರುತಿಲ್ಲ. ದೀಪಾವಳಿಯ ಹಿಂದಿನ ದಿನ ಅಂಗಡಿಗೆ ಹೋಗಿ ದೀಪವಿದೆಯೇ ಎಂದು ಕೇಳಲು ಹೊರಟು, ಆ ಸ್ವರ ಜಾರಿ "ಲೂಸ್" ಎಂದೆ. ಹಾಗೆಂದರೆ ಹೇನು. "ನಿಮ್ಮಲ್ಲಿ ಹೇನಿದೆಯೆ" ಎಂದು ಕೇಳಿದವಳನ್ನು ಆ ಹುಡುಗಿ ಒಂದು ಕ್ಷಣ ದಿಟ್ಟಿಸಿ, ಔಷಧಿ ಅಂಗಡಿಯ ದಾರಿ ತೋರಿಸಿದಳು. ಆ ಸ್ವರಕ್ಕೂ, ಒಂದೇ ಪದ ರಾಗ ಬದಲಾದರೆ ಅರ್ಥ ಬದಲಾಗುವ ಏರಿಳಿತಕ್ಕೂ ಸಂಗೀತ ಪಾಠದ ದಿನಗಳಿಂದ ತಂದ ಎರಡು ಗುರುತುಗಳನ್ನು ಬಳಸುತ್ತೇನೆ. ಅವನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಮುಂದೆ ನಾಲ್ಕು ಜನರಿಗೆ ಪಾಠ ಹೇಳುವ ಆಸೆ ನನಗೂ ಇದೆ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಅಡುಗೆಮನೆಯ ಪಾತ್ರೆಗಳಿಗೆಲ್ಲ ಚೀಟಿ ಅಂಟಿಸಿದ್ದು ದಂಡ. ಸೌಟಿನ ಹೆಸರು ಬಾಯಿಗೆ ಬಂತು, ಆದರೆ ಇಂದಿನವರೆಗೂ ಯಾರೂ ನನ್ನ ಸೌಟಿನ ವಿಷಯ ಕೇಳಿಲ್ಲ. ರೇಡಿಯೊದ ಹವಾಮಾನ ವರದಿಯನ್ನು ದಿನವೂ ಕೇಳಿ ಬರೆದುಕೊಂಡದ್ದರಿಂದ ಬ್ರೀಸ್, ಕೂಲಿಂಗ್, ಸ್ತೊರ್ಮ್ ಎಂದು ಗಾಳಿಯ ಮೆಟ್ಟಿಲುಗಳೆಲ್ಲ ಬಂದವು. ಇದು ದಿನಬಳಕೆಗೆ ಬೇಡವಾದರೂ, ಹಿಂದೆ ಹಡಗಿನಲ್ಲಿದ್ದ ಕೆಳಮನೆಯ ಅಜ್ಜ ಅಂದಿನಿಂದ ನನ್ನೊಡನೆ ನಿಧಾನವಾಗಿ ಮಾತನಾಡತೊಡಗಿದರು. ಅವರು "ಯಾ" (ಹೌದು) ಎನ್ನುವಾಗ ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತಾರೆ. ಮೊದಲ ಸಲ ಎದೆನೋವೆಂದು ಹೆದರಿ ಕುರ್ಚಿ ತಂದಿಟ್ಟಿದ್ದೆ. ವಸಂತದಲ್ಲಿ ಕಟ್ಟಡದವರೆಲ್ಲ ಸೇರಿ ಅಂಗಳ ಗುಡಿಸುವ ಶ್ರಮದಾನಕ್ಕೆ, ಅಂದರೆ "ದೂಗ್ನಾದ್"ಗೆ, ತಪ್ಪದೆ ಹೋಗಿ. ಕೈಯಲ್ಲಿ ಕುಂಟೆ ಇದ್ದಾಗ ತಪ್ಪು ಮಾತನಾಡಲು ಸಂಕೋಚವಾಗುವುದಿಲ್ಲ, ಎರಡು ತಾಸಿನಲ್ಲಿ ಒಂದು ಎಡಪುಟ ತುಂಬುತ್ತದೆ.

ಈಗ ನಡೆದಿರುವುದು ಎರಡನೆಯ ನೋಟ್‌ಬುಕ್. ಸದ್ಯ ಕಾಡುತ್ತಿರುವುದು "ಯೂ" ಎಂಬ ಪುಟ್ಟ ಪದ. ಇಲ್ಲವೆ ಎಂದು ಕೇಳಿದ್ದಕ್ಕೆ ಇದೆ ಎಂದು ಹೇಳಬೇಕಾದರೆ "ಯಾ" ಎನ್ನುವಂತಿಲ್ಲ, "ಯೂ" ಎನ್ನಬೇಕು. "ಕೈಗವಸು ತಂದಿಲ್ಲವೆ" ಎಂದು ಶಿಶುವಿಹಾರದಲ್ಲಿ ಕೇಳಿದಾಗ ತಂದಿದ್ದೇನೆಂಬ ಅರ್ಥದಲ್ಲಿ "ಯಾ" ಎಂದು ಬಂದೆ. ಮಗನ ಕೈಗವಸು ಚೀಲದಲ್ಲಿಯೇ ಉಳಿದು, ಅವನು ಸಂಜೆಯವರೆಗೆ ಯಾರದೋ ಗುಲಾಬಿ ಕೈಗವಸಿನಲ್ಲಿ ಹಿಮ ಆಡಿದ್ದ. ಅದಕ್ಕೊಂದು ಎಡಪುಟ ನಡೆಯುತ್ತಿದೆ. ಅದರ ಮುಂದಿನದು ಕಾರಿಗೆ ಚಳಿಗಾಲದ ಟೈರು ಹಾಕಿಸುವ ಅಂಗಡಿ. ಅಲ್ಲಿ ಈವರೆಗೆ ಕೇಳಿಸಿಕೊಂಡಿರುವುದು ಒಂದೇ ವಾಕ್ಯ, "ಪಿಗ್ ಎಲ್ಲರ್ ಪಿಗ್‌ಫ್ರಿತ್", ಅಂದರೆ ಮೊಳೆಯ ಟೈರೋ ಮೊಳೆಯಿಲ್ಲದ್ದೋ. ಮೊಳೆಯದ್ದಾದರೆ ನಗರಕ್ಕೆ ಶುಲ್ಕ ಕಟ್ಟಬೇಕು. ಬಲಪುಟ ಇನ್ನೂ ಖಾಲಿ ಇದೆ.