ಒಂದೇ ಸಲಕ್ಕೆ ವಾರಕ್ಕಾಗುವಷ್ಟು ಕೋಲ್ಡ್ ಬ್ರೂ

ಕೋಲ್ಡ್ ಬ್ರೂ, ಅಂದರೆ ತಣ್ಣೀರಿನಲ್ಲೇ ನೆನೆಸಿ ಮಾಡುವ ಕಾಫಿ, ಜಾಸ್ತಿ ಮಾಡಿಡುವುದಾದರೆ ಗಟ್ಟಿಯಾಗಿಯೇ ಮಾಡಿ, ಕುಡಿಯುವಾಗ ನೀರೋ ಹಾಲೋ ಬೆರೆಸಿಕೊಳ್ಳಿ. ಫ್ರಿಜ್‌ನಲ್ಲಿ ಜಾಗವೂ ಉಳಿಯುತ್ತದೆ.

2 ಲೀಟರ್ ತಣ್ಣೀರಿಗೆ 400 ಗ್ರಾಂ ಕಾಫಿ ಪುಡಿ. ದಪ್ಪ ರವೆಯಂತೆ ತರಿತರಿಯಾಗಿರಲಿ. ನುಣ್ಣಗಿದ್ದರೆ ಸೋಸುವಾಗ ಬಟ್ಟೆ ಕಟ್ಟಿಕೊಳ್ಳುತ್ತದೆ, ಸುಮ್ನೆ ಕಾಯುತ್ತಾ ಕೂರಬೇಕು. ನೀರು ಹಾಕಿದಾಗ ಪುಡಿ ತೇಲಿ ದಪ್ಪ ಪದರ ಕಟ್ಟುತ್ತದೆ, ಅದರೊಳಗೆ ಒಣಪುಡಿ ಹಾಗೇ ಉಳಿದಿರುತ್ತದೆ. ಉದ್ದ ಚಮಚದಿಂದ ಮೆಲ್ಲಗೆ ಒತ್ತಿ ಪೂರ್ತಿ ನೆನೆಸಿ. ಮುಚ್ಚಿ, ಫ್ರಿಜ್‌ನಲ್ಲಿ 16-18 ಗಂಟೆ ಬಿಡಿ.

ಮೊದಲು ಜರಡಿಯಲ್ಲಿ, ಆಮೇಲೆ ಬಟ್ಟೆಯಲ್ಲಿ ಸೋಸಿ. ಹಿಂಡಲು ಕೈ ತುರಿಸುತ್ತದೆ ನಿಜ, ಹಿಂಡಬೇಡಿ. ಗಸಿ ಇಳಿದು ರುಚಿ ಕೆಡುತ್ತದೆ. ಪುಡಿ ನೀರು ಕುಡಿಯುವುದರಿಂದ ಕೊನೆಗೆ ಸಿಗುವುದು ಸುಮಾರು ಒಂದೂಕಾಲು ಲೀಟರ್ ಅಷ್ಟೇ.

ಗಾಜಿನ ಬಾಟಲಿಗೆ ತುಂಬಿ, ವಾರದೊಳಗೆ ಮುಗಿಸಿ. ಹಾಲನ್ನು ಬಾಟಲಿಗೆ ಬೆರೆಸಿಡಬೇಡಿ, ಲೋಟಕ್ಕೆ ಮಾತ್ರ.