ಶಾಲೆ ಲೈಬ್ರರಿ ಪುಸ್ತಕಗಳು ಬೀರುವಿಂದ ಆಚೆ ಬರ್ಲಿ: ಪ್ರೈಮರಿ ಮಕ್ಕಳ ಜೊತೆ ಏನೇನು ಮಾಡ್ಬಹುದು, ಹೇಗೆ ಮಾಡ್ಬೇಕು

ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ ಕಡೆ ಸರ್ಕಾರಿ ಪ್ರೈಮರಿ ಶಾಲೆಗಳಲ್ಲಿ ಲೈಬ್ರರಿ ಅಂದ್ರೆ ಸಾಮಾನ್ಯವಾಗಿ ಆಫೀಸ್ ರೂಮಲ್ಲಿರೋ ಒಂದು ಬೀರು. ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೆಯ ಲೈಬ್ರರಿ ಅನುದಾನದಲ್ಲಿ ಬಂದಿದ್ದು, ದಾನಿಗಳು ಕೊಟ್ಟಿದ್ದು ಎಲ್ಲಾ ಸೇರಿ ಪುಸ್ತಕ ಇರ್ತವೆ, ಆದ್ರೆ ಹರಿದ್ರೆ ಕಳೆದ್ರೆ ಯಾರು ಲೆಕ್ಕ ಕೊಡೋದು ಅನ್ನೋ ಭಯಕ್ಕೆ ಬೀಗ ಬಿದ್ದಿರತ್ತೆ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಸ್.ಆರ್. ರಂಗನಾಥನ್ ಅವರು 1931ರಲ್ಲೇ ಐದು ಸೂತ್ರ ಬರೆದ್ರು, ಅದರಲ್ಲಿ ಮೊದಲನೇದೇ ಪುಸ್ತಕ ಇರೋದು ಬಳಸೋಕೆ ಅಂತ. ಹಾಗಾಗಿ ಕೆಲಸ ಬೀಗ ತೆಗೆಯೋದರಿಂದ ಶುರು.

ಮೊದಲು ವಿಂಗಡಿಸಿ

ಒಂದು ಶನಿವಾರ ಜಮಖಾನ ಹಾಸಿ ಎಲ್ಲಾ ಪುಸ್ತಕ ಕೆಳಗೆ ಸುರೀರಿ, ನಾಲ್ಕನೇ, ಐದನೇ ಕ್ಲಾಸ್ ಮಕ್ಕಳನ್ನ ಕೂರಿಸ್ಕೊಳ್ಳಿ. ಕಥೆ, ವಿಜ್ಞಾನ, ಇತಿಹಾಸ ಅಂತ ಈಗಲೇ ಭಾಗ ಮಾಡೋಕೆ ಹೋಗ್ಬೇಡಿ, ಒಂದು ಪುಟದಲ್ಲಿ ಎಷ್ಟು ಸಾಲಿದೆ ಅಂತ ನೋಡಿ ಮೂರು ಗುಡ್ಡೆ ಮಾಡಿದ್ರೆ ಸಾಕು: ಚಿತ್ರ ದೊಡ್ಡದು ಸಾಲು ಒಂದೋ ಎರಡೋ ಇರೋವು, ನಾಲ್ಕೈದು ಸಾಲಿನವು, ಪುಟ ತುಂಬಾ ಅಕ್ಷರ ಇರೋವು. ಒಂದೊಂದು ಗುಡ್ಡೆಗೆ ಒಂದೊಂದು ಬಣ್ಣದ ಸ್ಟಿಕ್ಕರ್. ದೊಡ್ಡೋರಿಗೆ ಬರೆದಿರೋ ದಪ್ಪ ಪುಸ್ತಕಗಳು, ಕಾಂಪಿಟಿಟಿವ್ ಎಕ್ಸಾಮಿನವು ಖಂಡಿತ ಸಿಗ್ತವೆ, ಅವನ್ನ ಮೇಲಿನ ಅರೆಗೆ ಹಾಕ್ಬಿಡಿ.

ಆಮೇಲೆ ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಲ್ಲಿ ತೆಳು ಪುಸ್ತಕಗಳನ್ನ ಮುಖಪುಟ ಕಾಣೋ ಹಾಗೆ ನೇತುಹಾಕಿ. ಹಗ್ಗ ಒಂದನೇ ಕ್ಲಾಸ್ ಮಗುವಿನ ಎದೆ ಮಟ್ಟಕ್ಕಿರ್ಲಿ. ಓದೋಕೆ ಬರದ ಮಗು ಪುಸ್ತಕ ಆರಿಸೋದು ಮುಖಪುಟದ ಚಿತ್ರ ನೋಡಿ, ಬೀರುವಲ್ಲಿ ಸಾಲಾಗಿ ನಿಲ್ಲಿಸಿದ ಪುಸ್ತಕದಲ್ಲಿ ಅದಕ್ಕೆ ಏನೂ ಕಾಣಲ್ಲ.

ದಿನಾ ಇಪ್ಪತ್ತು ನಿಮಿಷ ಗಟ್ಟಿ ಓದು

ಬೇರೆ ಯಾವ ಚಟುವಟಿಕೆ ಬಿಟ್ರೂ ಇದೊಂದನ್ನ ಬಿಡ್ಬೇಡಿ. ಇಬ್ಬರೇ ಟೀಚರ್ ಇರೋ ಶಾಲೆಯಲ್ಲಿ ಲೈಬ್ರರಿ ಪೀರಿಯಡ್‌ಗೆ ಟೈಮೆಲ್ಲಿ ಅಂತೀರಿ, ಬಿಸಿಯೂಟ ಆದ್ಮೇಲೆ ಮಕ್ಕಳು ಹೇಗೂ ತೂಕಡಿಸ್ತಿರ್ತವೆ, ಆ ಹೊತ್ತಲ್ಲಿ ಒಂದರಿಂದ ಮೂರನೇ ಕ್ಲಾಸಿನ ನಲಿಕಲಿ (ಮೂರೂ ಕ್ಲಾಸ್ ಒಟ್ಟಿಗೆ ಕೂತು ಆಡ್ತಾ ಕಲಿಯೋ ಪದ್ಧತಿ) ಮಕ್ಕಳನ್ನ ಒಟ್ಟಿಗೆ ಕೂರಿಸಿ ಓದಿ.

ಹಿಂದಿನ ದಿನವೇ ನೀವು ಒಂದ್ಸಲ ಓದ್ಕೊಂಡಿರ್ಬೇಕು, ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿರ್ಬೇಕು. ಪುಸ್ತಕನ ಪಕ್ಕಕ್ಕೆ ಹಿಡೀರಿ, ಚಿತ್ರ ಮಕ್ಕಳ ಕಡೆ ಇರ್ಲಿ. ಮೊದಲು ಮುಖಪುಟ ತೋರಿಸಿ ಏನಾಗಬಹುದು ಹೇಳಿ ಅನ್ನಿ, ಬಂದ ಉತ್ತರ ಎಲ್ಲಾ ಒಪ್ಕೊಳ್ಳಿ. ಓದುವಾಗ ಅವಸರ ಬೇಡ, ಅಜ್ಜಿಗೆ ಅಜ್ಜಿ ದನಿ, ಹುಲಿಗೆ ಹುಲಿ ದನಿ ಬರ್ಲಿ. ಕಥೆ ತಿರುಗೋ ಜಾಗದಲ್ಲಿ ಪುಟ ಮಗುಚದೆ ನಿಲ್ಲಿಸಿ, ಮುಂದೇನು ಅಂತ ಕೇಳಿ. ಇಡೀ ಕಥೆಗೆ ಎರಡು ಮೂರು ಕಡೆ ನಿಲ್ಲಿಸಿದ್ರೆ ಸಾಕು, ಪ್ರತಿ ಪುಟಕ್ಕೂ ಪ್ರಶ್ನೆ ಕೇಳ್ತಾ ಹೋದ್ರೆ ಕಥೆ ಸತ್ತೋಗತ್ತೆ.

ಆಂಧ್ರಕ್ಕೆ ಅಂಟಿಕೊಂಡಿರೋ ನಮ್ಮ ಗಡಿ ತಾಲ್ಲೂಕುಗಳಲ್ಲಿ ಇನ್ನೊಂದು ವಿಷಯ ಇದೆ. ಸುಮಾರು ಮಕ್ಕಳ ಮನೆ ಮಾತು ತೆಲುಗು, ಕೆಲವರದ್ದು ಉರ್ದು. ಅಳಿಲಿನ ಚಿತ್ರ ಕಂಡ ತಕ್ಷಣ ಹಿಂದಿನ ಸಾಲಿಂದ "ಮಿಸ್, ಉಡುತ! ಉಡುತ!" ಅಂತ ಕೂಗು ಬರತ್ತೆ. ಕನ್ನಡದಲ್ಲಿ ಹೇಳು ಅಂತ ಬಾಯಿ ಮುಚ್ಚಿಸ್ಬೇಡಿ. "ಹೌದು ಕಣೋ, ಉಡುತನೇ, ನಿಮ್ಮನೆ ಹತ್ರ ಎಲ್ಲಿ ಓಡಾಡತ್ತೆ? ನೋಡು, ಇಲ್ಲಿ ಅಳಿಲು ಅಂತ ಬರೆದಿದ್ದಾರೆ" ಅಂತ ಬೆರಳಿಟ್ಟು ತೋರಿಸಿ. ಹುಣಸೆಮರ, ಹಿತ್ತಲು, ತಮ್ಮ ಹಿಡಿಯೋಕೆ ಹೋಗಿದ್ದು ಎಲ್ಲಾ ತೆಲುಗಲ್ಲೇ ಹೇಳ್ತಾನೆ, ಹೇಳ್ಲಿ ಬಿಡಿ. ಕಥೆ ಬಗ್ಗೆ ಮಾತಾಡೋಕೆ ತನ್ನ ಭಾಷೆಲಿ ಜಾಗ ಸಿಕ್ಕ ಮಗು ಕನ್ನಡ ಪುಸ್ತಕಕ್ಕೆ ಹೆದರಲ್ಲ, ಒಂದೇ ಪುಸ್ತಕನ ಮೂರ್ನಾಲ್ಕು ದಿನ ಓದಿದ್ರೆ ಅಳಿಲು ಅನ್ನೋ ಮಾತೂ ತಾನಾಗೇ ಬಾಯಿಗೆ ಬರತ್ತೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಮಕ್ಕಳ ಕಥೆಗಳ ವೆಬ್‌ಸೈಟ್ ಸ್ಟೋರಿವೀವರ್‌ನಲ್ಲಿ ಎಷ್ಟೋ ಕಥೆ ಕನ್ನಡದಲ್ಲೂ ತೆಲುಗಲ್ಲೂ ಇವೆ, ಓದೋಕೆ ಎಷ್ಟು ಸುಲಭ ಅಂತ ನೋಡಿ ನಾಲ್ಕು ಹಂತ ಮಾಡಿ ಇಟ್ಟಿದ್ದಾರೆ, ಫ್ರೀಯಾಗಿ ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಸ್ಕೋಬಹುದು. ಒಂದೇ ಕಥೆ ಎರಡೂ ಭಾಷೆಲಿ ಅಕ್ಕಪಕ್ಕ ಇಟ್ಟು ನೋಡಿ.

ಓದಾದ ಮೇಲೆ

"ಈ ಕಥೆಯ ನೀತಿ ಏನು" ಅನ್ನೋ ಪ್ರಶ್ನೆ ಮಾತ್ರ ಬೇಡವೇ ಬೇಡ. ಅದನ್ನ ಕೇಳಿದ್ರೆ ಮಕ್ಕಳು ಟೀಚರ್‌ಗೆ ಬೇಕಾದ ಉತ್ತರ ಹುಡುಕೋಕೆ ಶುರು ಮಾಡ್ತಾರೆ. ಯಾರು ಇಷ್ಟ ಆದ್ರು, ನೀನಾಗಿದ್ರೆ ಏನ್ ಮಾಡ್ತಿದ್ದೆ, ನಿಮ್ಮೂರಲ್ಲಿ ಹೀಗೆ ಯಾವಾಗಾದ್ರೂ ಆಗಿತ್ತಾ ಅಂತ ಕೇಳಿ. ಚಿತ್ರ ಬಿಡಿಸ್ಬಹುದು, ಕೊನೆ ಬದಲಾಯಿಸಿ ಆಡಿ ತೋರಿಸ್ಬಹುದು, ಅವು ಎಲ್ಲರಿಗೂ ಗೊತ್ತಿರೋವೇ.

ಮಾಹಿತಿ ಪುಸ್ತಕಗಳಿಗೆ ಊರಿನ ವಸ್ತು ಜೊತೆ ಮಾಡಿ. ರೇಷ್ಮೆ ಹುಳುವಿನ ಬಗ್ಗೆ ಓದೋ ದಿನ ಶಿಡ್ಲಘಟ್ಟ ಕಡೆ ಮಕ್ಕಳಿಗೆ ಮನೆಯಿಂದ ನಾಲ್ಕು ಗೂಡು ತರೋಕೆ ಹೇಳಿ. ಹುಳ ನಾಲ್ಕು ಸಲ ಪೊರೆ ಬಿಡತ್ತೆ ಅಂತ ಪುಸ್ತಕದಲ್ಲಿ ಬಂದ್ರೆ, ಹುಳ ಸಾಕೋ ಮನೆ ಹುಡುಗಿ "ನಾಲ್ಕು ಜ್ವರ ಎದ್ದ ಮೇಲೆ ಹಣ್ಣಾಗತ್ತೆ ಮಿಸ್, ಆಗ ಚಂದ್ರಿಕೆಗೆ ಬಿಡ್ತೀವಿ" ಅಂತ ಮುಂದಿನದ್ದೆಲ್ಲಾ ಹೇಳ್ತಾಳೆ (ಪೊರೆ ಬಿಡೋದಕ್ಕೆ ಸಾಕೋರು ಜ್ವರ ಅಂತಾರೆ, ಹುಳ ಗೂಡು ಕಟ್ಟೋಕೆ ಬಿಡೋ ತಟ್ಟೆಯೇ ಚಂದ್ರಿಕೆ). ಅವಳೇ ಎದ್ದುನಿಂತು ಕ್ಲಾಸಿಗೆ ಹೇಳ್ಲಿ. ಒಂದು ಗೂಡನ್ನ ಬಿಸಿನೀರಲ್ಲಿ ನೆನೆಸಿ ಎಳೆ ಹಿಡಿದು ಸ್ಕೇಲಿಗೆ ಸುತ್ತುತ್ತಾ ಹೋದ್ರೆ, ಅದು ನೂರಾರು ಮೀಟರ್ ಇರೋದ್ರಿಂದ ಪೀರಿಯಡ್ ಮುಗಿದ್ರೂ ಎಳೆ ಮುಗಿಯಲ್ಲ, ಸುತ್ತು ಎಣಿಸಿ ಗುಣಿಸಿ ಉದ್ದ ಕಂಡುಹಿಡಿಯೋದು ಐದನೇ ಕ್ಲಾಸಿಗೆ ಒಳ್ಳೇ ಲೆಕ್ಕ. ಬಿಸಿನೀರು ಮಾತ್ರ ಟೀಚರ್ ಕೈಲೇ ಇರ್ಲಿ.

ಮಕ್ಕಳೇ ಮಾಡೋ ಪುಸ್ತಕ

ಒಂದು ಎ4 ಹಾಳೆ ಸಾಕು. ಮಡಚಿ ಮಡಚಿ ಎಂಟು ಸಮ ಮನೆ ಬರೋ ಹಾಗೆ ಗೆರೆ ಮಾಡಿ ಬಿಡಿಸಿ, ಹಾಳೆಯ ಉದ್ದ ಅರ್ಧ ಆಗೋ ಹಾಗೆ ಮತ್ತೆ ಮಡಚಿ, ಮಡಿಕೆ ಇರೋ ಕಡೆಯಿಂದ ನಡುವಿನ ಗೆರೆ ಮೇಲೆ ಒಂದು ಮನೆಯಷ್ಟು ಮಾತ್ರ ಕತ್ತರಿಸಿ. ಈಗ ಪೂರ್ತಿ ಬಿಡಿಸಿ, ಉದ್ದಕ್ಕೆ ಮಡಚಿ, ಎರಡೂ ತುದಿ ಹಿಡಿದು ಒಳಕ್ಕೆ ತಳ್ಳಿದ್ರೆ ನಡುವೆ ಬಾಯಿ ತೆರೆಯತ್ತೆ, ಸುತ್ತಿ ಒತ್ತಿದ್ರೆ ಎಂಟು ಪುಟದ ಪುಸ್ತಕ ರೆಡಿ, ಪಿನ್ನೂ ಬೇಡ ಗಮ್ಮೂ ಬೇಡ. ಅಜ್ಜಿ ಹೇಳಿದ ಒಗಟು, ಟೊಮೆಟೊ ಲೋಡ್ ಜೊತೆ ಅಪ್ಪ ಕೋಲಾರ ಮಂಡಿಗೆ ಹೋಗಿ ಬಂದಿದ್ದು, ಹಸು ಕರು ಹಾಕಿದ್ದು, ಯಾವುದಾದ್ರೂ ಬರೀಲಿ. ಬರೆಯೋಕೆ ಬರದೋರು ಹೇಳ್ಲಿ, ದೊಡ್ಡ ಮಕ್ಕಳು ಬರ್ಕೊಡ್ಲಿ. ತಪ್ಪಿಗೆ ಕೆಂಪು ಇಂಕು ಹಾಕ್ಬೇಡಿ. ಮುಖಪುಟದಲ್ಲಿ ಹೆಸರು ಬರೆಸಿ ಅದೇ ಹಗ್ಗಕ್ಕೆ ಮಿಕ್ಕ ಪುಸ್ತಕಗಳ ಪಕ್ಕ ನೇತುಹಾಕಿ, ಮಕ್ಕಳು ಮೊದಲು ಕೈ ಹಾಕೋದೇ ಅವಕ್ಕೆ.

ಮನೆಗೆ ಕೊಡೋದು

ಒಂದು ಲಾಂಗ್ ನೋಟ್ ಬುಕ್ಕಲ್ಲಿ ಹೆಸರು, ಪುಸ್ತಕ, ಕೊಟ್ಟ ದಿನ, ವಾಪಸ್ ಬಂದ ದಿನ ಅಂತ ನಾಲ್ಕು ಕಾಲಂ ಹಾಕಿ ಐದನೇ ಕ್ಲಾಸಿನ ಇಬ್ಬರಿಗೆ ವಹಿಸಿ, ವಾರ ವಾರ ಬೇರೆಯವರು ಬರ್ಲಿ. ಹರಿದಿದ್ದನ್ನ ಸಂಭ್ರಮ ಶನಿವಾರದ ದಿನ (ಮಕ್ಕಳು ಬ್ಯಾಗ್ ಇಲ್ಲದೆ ಬರೋ ಶನಿವಾರ) ಮಕ್ಕಳೇ ಅಂಟಿಸ್ಲಿ. ಹರಿದಿದ್ದಕ್ಕೆ ದಂಡ, ಬೈಗುಳ ಯಾವುದೂ ಬೇಡ, ಒಂದ್ಸಲ ಬೈದ್ರೆ ಆ ಮಗು ಮತ್ತೆ ಪುಸ್ತಕ ಮನೆಗೆ ಒಯ್ಯಲ್ಲ.

ಇರೋ ಪುಸ್ತಕ ಎಲ್ಲಾ ಓದಿ ಮುಗಿಸಿದ್ರೆ ಗ್ರಾಮ ಪಂಚಾಯಿತಿ ಲೈಬ್ರರಿ ಇದೆ, ಈಗ ಅರಿವು ಕೇಂದ್ರ ಅಂತಾರೆ. 2020ರ ನವೆಂಬರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಿಂದ ಅಲ್ಲಿ ಮಕ್ಕಳಿಗೆ ಮೆಂಬರ್‌ಶಿಪ್ ಫ್ರೀ. ಒಂದು ಮಧ್ಯಾಹ್ನ ಮಕ್ಕಳನ್ನ ಸಾಲಾಗಿ ನಡೆಸ್ಕೊಂಡು ಹೋಗಿ ಎಲ್ಲರ ಹೆಸರೂ ಬರೆಸ್ಬಿಡಿ. ಇದನ್ನ ಮಾರ್ಚ್ ಒಳಗೆ ಮಾಡಿದ್ರೆ ಒಳ್ಳೇದು, ಬೇಸಿಗೆ ರಜಕ್ಕೆ ಶಾಲೆ ಬಾಗಿಲು ಹಾಕಿದ್ರೂ ಪಂಚಾಯಿತಿ ಲೈಬ್ರರಿಯಿಂದ ಪುಸ್ತಕ ಸಿಗ್ತಾ ಇರತ್ತೆ.